ಚರ್ಚಿನ ರೂಮಿನಲ್ಲಿ ಕುಡಿತ ಬಿಡುವವರ ಕನ್ನಡ ಮೀಟಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈಯ ಪಶ್ಚಿಮ ಉಪನಗರದ ಒಂದು ಚರ್ಚಿನ ಹಿಂಬದಿ ರೂಮಿನಲ್ಲಿ ಪ್ರತಿ ಮಂಗಳವಾರ ಮಧ್ಯಾಹ್ನ ಮೂರೂವರೆಗೆ ನಾವು ಸೇರುತ್ತೇವೆ. ಕುಡಿತ ಬಿಟ್ಟವರು ಇದ್ದಾರೆ, ಬಿಡಬೇಕು ಅಂತ ಒದ್ದಾಡುತ್ತಿರುವವರೂ ಇದ್ದಾರೆ. ಮಾತೆಲ್ಲ ಕನ್ನಡದಲ್ಲಿ, ನಡುನಡುವೆ ತುಳು, ಕೊಂಕಣಿ. ಡೊಂಬಿವಲಿ, ಪುಣೆ, ವಾಸ್ಕೋ ಕಡೆಯಿಂದ ಫೋನ್ ಬರುತ್ತಿರುತ್ತದೆ: "ನಮ್ಮ ಚರ್ಚಿನಲ್ಲೂ ಶುರು ಮಾಡಬೇಕು, ಹೇಗೆ?" ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ. ನನ್ನ ಹೆಸರು, ಚರ್ಚಿನ ಹೆಸರು ಬೇಕೆಂದೇ ಹಾಕಿಲ್ಲ. ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಮುಂಬೈನಲ್ಲಿ ಹಿಂದಿ, ಇಂಗ್ಲಿಷ್ ಮೀಟಿಂಗುಗಳು ಬೇಕಾದಷ್ಟಿವೆ. ಕನ್ನಡದ್ದು ಬೇರೆ ಯಾಕೆ?

ನಾನು ಏಳು ತಿಂಗಳು ಹಿಂದಿ ಮೀಟಿಂಗಿಗೆ ಹೋದವನು. ಅಲ್ಲಿಯವರು ನನ್ನನ್ನು ಉಳಿಸಿದರು, ಅದನ್ನು ಮರೆಯುವುದಿಲ್ಲ. ಆದರೆ ನನ್ನ ಹಿಂದಿ ಹೋಟೆಲ್ ಹಿಂದಿ. ಗಲ್ಲಾಪೆಟ್ಟಿಗೆ ಹತ್ತಿರ ಕೂತು ಬಿಲ್ಲು ಹೇಳುವುದಕ್ಕೆ, ತರಕಾರಿಯವನ ಹತ್ತಿರ ಚೌಕಾಸಿ ಮಾಡುವುದಕ್ಕೆ ಸಾಕು. "ನಾನು ಕುಡುಕ" ಅಂತ ಹಿಂದಿಯಲ್ಲಿ ಬಾಯಿಪಾಠ ಹೇಳುತ್ತಿದ್ದೆ. ಆಮೇಲೆ ಏನು ಹೇಳಬೇಕೋ ಅದು ಬರುತ್ತಿರಲಿಲ್ಲ.

ಒಂದು ದಿನ ಮೀಟಿಂಗ್ ಮುಗಿದು ಮೆಟ್ಟಿಲ ಮೇಲೆ ನಿಂತಿದ್ದಾಗ ಬೈಂದೂರು ಕಡೆಯ ಒಬ್ಬರು ಸಿಕ್ಕಿದರು. "ಊರು ಯಾವುದು ಮಾರಾಯ್ರೆ?" ಅಂತ ಕೇಳಿದರು ಅಷ್ಟೇ. ಅರ್ಧ ಗಂಟೆ ನಿಂತಲ್ಲೇ ಮಾತಾಡಿದೆ. ಅಪ್ಪಯ್ಯ ತೀರಿಕೊಂಡ ಸುದ್ದಿ ಬಂದ ರಾತ್ರಿ, ಬಸ್ಸಿಗೆ ಅಂತ ಸೇಟು ಕೊಟ್ಟ ದುಡ್ಡನ್ನು ಕುಡಿದು, ಊರಿಗೆ ಹೋಗದೆ ಉಳಿದವನು ನಾನು. "ಅಪ್ಪಯ್ಯ ಹೋದಾಗ ನಾನ್ ಹೋಯ್ಲಿಲ್ಲೆ ಮಾರಾಯ್ರೆ." ಈ ಮಾತು ಹಿಂದಿಯಲ್ಲಿ ಏಳು ತಿಂಗಳು ಹೊರಗೆ ಬಂದಿರಲಿಲ್ಲ. ಕನ್ನಡ ಮೀಟಿಂಗ್ ಬೇಕು ಅಂತ ನಮ್ಮಿಬ್ಬರಿಗೂ ಅನ್ನಿಸಿದ್ದು ಆ ಮೆಟ್ಟಿಲ ಮೇಲೆ.

ಚರ್ಚೇ ಯಾಕೆ? ದೇವಸ್ಥಾನವೋ ಸಂಘದ ಹಾಲೋ ಆಗಲ್ವಾ?

ಧಾರಾಳವಾಗಿ ಆಗುತ್ತದೆ. ನಾವೂ ಮೊದಲು ಕೇಳಿದ್ದು ಒಂದು ಸಂಘದ ಹಾಲನ್ನೇ. ಆದರೆ ಅಲ್ಲಿ ಬರುವವರೆಲ್ಲ ನಮ್ಮ ಊರವರು, ನಮ್ಮ ಹೋಟೆಲಿನವರ ನೆಂಟರು. ಯಾರಾದರೂ ನೋಡಿದರೆ ಸಂಜೆಯೊಳಗೆ ಕುಂದಾಪುರಕ್ಕೆ ಫೋನ್ ಹೋಗುತ್ತದೆ. ಚರ್ಚಿನಲ್ಲಿ ಆ ಭಯ ಕಡಿಮೆ ಇತ್ತು. ವಾರದ ದಿನ ಖಾಲಿ ಇರುವ ರೂಮು, ಕುರ್ಚಿ, ಫ್ಯಾನು, ಶೌಚಾಲಯ ಎಲ್ಲ ಅಲ್ಲಿತ್ತು.

ಇದಕ್ಕೆ ಹಳೆಯ ದಾರಿಯೂ ಇದೆ. ಆಲ್ಕೊಹಾಲಿಕ್ಸ್ ಅನಾನಿಮಸ್ (ಹೆಸರು ಬಯಲು ಮಾಡದ ಕುಡುಕರ ಕೂಟ), ಅಂದರೆ ನಾವು ಎಎ ಅನ್ನುವುದು, 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಶುರುವಾಯಿತು. ಬಿಲ್ ವಿಲ್ಸನ್ ಅನ್ನುವ ಷೇರುಪೇಟೆಯವರು, ಬಾಬ್ ಸ್ಮಿತ್ ಅನ್ನುವ ಡಾಕ್ಟರು, ಇಬ್ಬರೂ ಕುಡಿತಕ್ಕೆ ಬಿದ್ದವರು. ಆಕ್ಸ್‌ಫರ್ಡ್ ಗ್ರೂಪ್ ಅನ್ನುವ ಕ್ರೈಸ್ತ ಕೂಟದಲ್ಲಿ ಕಲಿತದ್ದನ್ನು ತಮ್ಮಂಥವರಿಗೆ ಹೊಂದುವ ಹಾಗೆ ಮಾಡಿಕೊಂಡರು. ಆಗಿನಿಂದ ಪ್ರಪಂಚದ ಎಷ್ಟೋ ಗುಂಪುಗಳಿಗೆ ಚರ್ಚಿನ ನೆಲಮಾಳಿಗೆಯೇ ಮನೆ. ಭಾರತಕ್ಕೆ ಎಎ ಬಂದದ್ದು 1957ರಲ್ಲಿ. ಮುಂಬೈಯಲ್ಲಿ ಫಾದರ್ ಜೋ ಪೆರೇರಾ 1981ರಲ್ಲಿ ಬಾಂದ್ರಾದ ಮೌಂಟ್ ಕಾರ್ಮೆಲ್ ಚರ್ಚಿನಲ್ಲಿ ಕುಡಿತ, ಡ್ರಗ್ಸ್ ಬಿಡಿಸುವ ಕೃಪಾ ಫೌಂಡೇಶನ್ ಆರಂಭಿಸಿದರು. ಹೀಗಾಗಿ ಈ ಊರಿನ ಪಾದ್ರಿಗಳಿಗೆ ಈ ಕೆಲಸ ಹೊಸದಲ್ಲ.

ನಾನು ಹಿಂದೂ (ಅಥವಾ ಮುಸ್ಲಿಂ). ಬಂದರೆ ಮತಾಂತರ ಮಾಡ್ತಾರಾ?

ಇಲ್ಲ. ನಾನೂ ಹಿಂದೂನೇ. ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ, ಮಧ್ಯಾಹ್ನ ಚರ್ಚಿನ ರೂಮಿಗೆ ಹೋಗಿ ಕುರ್ಚಿ ಹಾಕುತ್ತೇನೆ. ಮೊದಲ ದಿನ ಫಾದರ್ ಹೇಳಿದ್ದು ಇಷ್ಟೇ: "ರೂಮು ನಮ್ಮದು, ಮೀಟಿಂಗು ನಿಮ್ಮದು." ಅವರು ಒಳಗೆ ಬಂದು ಧರ್ಮಬೋಧನೆ ಮಾಡಿದ್ದಿಲ್ಲ. ಕುಡಿತ ಬಿಡುವುದಕ್ಕೆ ಎಎ ತೋರಿಸುವ ದಾರಿಯಾದ 12 ಹೆಜ್ಜೆಗಳಲ್ಲಿ ದೇವರ ಮಾತು ಬರುತ್ತದೆ ನಿಜ. ಆದರೆ "ನಾವು ಅರಿತಂತೆ" ಅಂತ ಅಲ್ಲೇ ಹೇಳಿದೆ. ನಮ್ಮಲ್ಲಿ ಒಬ್ಬರು ಕಟೀಲಮ್ಮನನ್ನು ನೆನೆಯುತ್ತಾರೆ, ಒಬ್ಬರು ಯೇಸುವನ್ನು, ಒಬ್ಬರು ಯಾರನ್ನೂ ಇಲ್ಲ, "ಈ ರೂಮಿನಲ್ಲಿ ಕೂತವರೇ ನನಗೆ ದೊಡ್ಡ ಶಕ್ತಿ" ಅನ್ನುತ್ತಾರೆ. ಬರುವವರಿಗೆ ಬೇಕಾದ್ದು ಒಂದೇ ಅರ್ಹತೆ, ಕುಡಿತ ಬಿಡಬೇಕು ಅನ್ನುವ ಆಸೆ.

ಎಎ ಗುಂಪು ಮಾಡೋದಾ, ಚರ್ಚಿನದೇ ಕಾರ್ಯಕ್ರಮ ಮಾಡೋದಾ?

ಇದನ್ನು ಶುರುವಿನಲ್ಲೇ ತೀರ್ಮಾನ ಮಾಡಿ, ಆಮೇಲೆ ಬೆರೆಸಬೇಡಿ. ಎಎ ಗುಂಪು ಅಂದರೆ ಚರ್ಚಿನಲ್ಲಿ ಬಾಡಿಗೆಗಿರುವ ಗುಂಪು. ಚರ್ಚಿನ ಅಂಗವಲ್ಲ, ಯಾವ ಪಂಗಡದ್ದೂ ಅಲ್ಲ. ಚರ್ಚಿನದೇ ಕಾರ್ಯಕ್ರಮವಾದರೆ ಬೈಬಲ್, ಪ್ರಾರ್ಥನೆ ಮುಕ್ತವಾಗಿ ಇರುತ್ತದೆ. ಅಮೆರಿಕದ ಸ್ಯಾಡಲ್‌ಬ್ಯಾಕ್ ಚರ್ಚಿನಲ್ಲಿ 1991ರಲ್ಲಿ ಶುರುವಾದ ಸೆಲೆಬ್ರೇಟ್ ರಿಕವರಿ ಆ ಥರದ್ದು. ನಿಮ್ಮ ಸಭೆಯವರಿಗಷ್ಟೇ ಅಂತ ಇದ್ದರೆ ಅದೂ ಒಳ್ಳೆಯದೇ. ಆದರೆ ಮುಂಬೈನ ಕನ್ನಡದವರನ್ನು, ಅದರಲ್ಲೂ ಹೋಟೆಲ್ ಕೆಲಸದವರನ್ನು ಕರೆಯಬೇಕು ಅಂದರೆ ಮೊದಲಿನದ್ದೇ ಸರಿ ಅಂತ ನನ್ನ ಅನಿಸಿಕೆ. ಎಎ ಹೆಸರು ಹಾಕುವ ಮೊದಲು ಅವರ ಕಚೇರಿಗೆ ತಿಳಿಸಿ. ಅಂಥ ಕಚೇರಿ ಮುಂಬೈನಲ್ಲೇ ಇದೆ. ಇಬ್ಬರು ಮೂವರು ಕುಡಿತ ಬಿಡಲು ಒಟ್ಟಿಗೆ ಕೂತರೆ ಅದೇ ಗುಂಪು. ದೊಡ್ಡ ಉದ್ಘಾಟನೆ, ಬ್ಯಾನರ್, ಮುಖ್ಯ ಅತಿಥಿ ಏನೂ ಬೇಕಾಗಿಲ್ಲ.

ಫಾದರ್ ಹತ್ತಿರ ಏನು ಅಂತ ಕೇಳೋದು? ಪ್ಯಾರಿಷ್ ಕೌನ್ಸಿಲ್ (ಚರ್ಚಿನ ಸಮಿತಿ) "ನಮ್ಮಲ್ಲಿ ಅಂಥವರಿಲ್ಲ" ಅಂದರೆ?

ಸುಮ್ನೆ "ಜಾಗ ಕೊಡಿ" ಅನ್ನಬೇಡಿ. ವಾರದ ಯಾವ ದಿನ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿಗೆ, ಕೀ ಯಾರ ಹತ್ತಿರ, ಗುಡಿಸುವವರು ಯಾರು, ತಿಂಗಳಿಗೆ ಎಷ್ಟು ಕೊಡುತ್ತೀರಿ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಕೊಡಿ. ಮುಖ್ಯ ಬಾಗಿಲಿಂದ ಬರಬೇಕಾಗದ ರೂಮು ಕೇಳಿ. ನಮ್ಮದು ಹಿಂದಿನ ಗೇಟಿನ ಪಕ್ಕ, ಹಳೆಯ ಹೊಲಿಗೆ ಕ್ಲಾಸಿನ ರೂಮು. ಬಂದು ಹೋಗುವವರು ಯಾರ ಕಣ್ಣಿಗೂ ಬೀಳುವುದಿಲ್ಲ.

"ನಮ್ಮಲ್ಲಿ ಅಂಥವರಿಲ್ಲ" ಅನ್ನುವ ಮಾತು ನಮಗೂ ಬಂತು. ವಾದ ಮಾಡಲಿಲ್ಲ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಆಸ್ಪತ್ರೆಯವರು ಮಾಡಿ 2019ರಲ್ಲಿ ಹೊರಬಂದ ಸಮೀಕ್ಷೆಯ ಎರಡು ಅಂಕಿ ಹೇಳಿದೆವು: ದೇಶದಲ್ಲಿ ಕುಡಿಯುವವರು ಸುಮಾರು 16 ಕೋಟಿ, ಅವರಲ್ಲಿ ಕುಡಿತದ ತೊಂದರೆಗೆ ಸಹಾಯ ಬೇಕಾದವರು 5.7 ಕೋಟಿಗೂ ಜಾಸ್ತಿ. ಆಮೇಲೆ ಕೌನ್ಸಿಲ್‌ನ ಒಬ್ಬ ಹಿರಿಯ ಹೆಂಗಸು ಎದ್ದು, "ನನ್ನ ತಮ್ಮ ಇದರಲ್ಲೇ ಹೋದ" ಅಂದರು. ಮತ್ತೆ ಯಾರೂ ಬೇಡ ಅನ್ನಲಿಲ್ಲ.

ಇನ್ನೊಂದು ವಿಷಯ. ಎಷ್ಟೋ ಚರ್ಚ್ ಹಾಲುಗಳನ್ನು ಮದುವೆ, ಪಾರ್ಟಿಗೆ ಕೊಡುತ್ತಾರೆ, ಅಲ್ಲಿ ಡ್ರಿಂಕ್ಸ್ ಇರುತ್ತದೆ. ಮೀಟಿಂಗ್ ಹೊತ್ತಿಗೆ ಪಕ್ಕದ ಹಾಲಿನಲ್ಲಿ ಬುಕಿಂಗ್ ಇರಬಾರದು ಅಂತ ಮೊದಲೇ ಹೇಳಿಟ್ಟುಕೊಳ್ಳಿ. ಹೊಸದಾಗಿ ಬಿಟ್ಟವನಿಗೆ ಆ ವಾಸನೆಯೇ ಸಾಕು.

ಎಷ್ಟು ದುಡ್ಡು ಬೇಕು? ದಾನ ತಗೋಬಹುದಾ?

ಸ್ವಲ್ಪವೇ ಸಾಕು. ಚಹಾ, ಬಿಸ್ಕತ್ತು, ರೂಮಿಗೆ ಒಂದಿಷ್ಟು. ಫಾದರ್ ಪುಕ್ಕಟೆ ಕೊಡುತ್ತೇನೆ ಅಂದರೂ ನಾವು ತಿಂಗಳಿಗೆ ಒಂದು ಲಕೋಟೆ ಕೊಡುತ್ತೇವೆ, ಯಾಕೆಂದರೆ ಎಎ ಗುಂಪು ತನ್ನ ಖರ್ಚು ತಾನೇ ನೋಡಿಕೊಳ್ಳಬೇಕು, ಹೊರಗಿನ ದಾನ ತಗೊಳ್ಳಬಾರದು. ಒಬ್ಬ ಹೋಟೆಲ್ ಮಾಲೀಕರು ಒಂದು ವರ್ಷದ ಖರ್ಚು ಕೊಡಲು ಬಂದಿದ್ದರು. ಕೈಮುಗಿದು ಬೇಡ ಅಂದೆವು. ಅವರ ಕೆಲಸದವರೇ ನಾಲ್ಕು ಜನ ಒಳಗೆ ಕೂತಿರುವಾಗ ಅವರ ದುಡ್ಡು ಹೇಗೆ ತಗೊಳ್ಳುವುದು?

ಯಾವ ದಿನ, ಯಾವ ಹೊತ್ತು ಒಳ್ಳೆಯದು?

ಭಾನುವಾರ ಬೇಡ. ಚರ್ಚಿನಲ್ಲಿ ಜನ, ರೈಲಿನಲ್ಲಿ ಮೆಗಾಬ್ಲಾಕ್, ಅಂದರೆ ಹಳಿ ರಿಪೇರಿಗೆ ಅಂತ ರೈಲು ನಿಲ್ಲಿಸುವುದು. ಬುಧವಾರ ನೊವೆನಾ (ವಿಶೇಷ ಪ್ರಾರ್ಥನೆ) ಇರುವ ಕಡೆ ಅದೂ ಬೇಡ. ನಮ್ಮಲ್ಲಿ ಜಾಸ್ತಿ ಹೋಟೆಲಿನವರು. ಮಧ್ಯಾಹ್ನದ ಊಟದ ಗಡಿಬಿಡಿ ಮುಗಿದು, ಸಂಜೆಯ ತಿಂಡಿ ಶುರುವಾಗುವ ಮೊದಲು ಸಿಗುವ ಬಿಡುವು ಅವರದು. ಹಿಂದೆ ಆ ಹೊತ್ತಿಗೇ ಕ್ವಾರ್ಟರ್ ತರಲು ಹೋಗುತ್ತಿದ್ದವರು, ಈಗ ಅದೇ ಹೊತ್ತಿಗೆ ಇಲ್ಲಿ ಬರುತ್ತಾರೆ. ನಿಮ್ಮಲ್ಲಿ ಫ್ಯಾಕ್ಟರಿಯವರೋ ಆಫೀಸಿನವರೋ ಇದ್ದರೆ ರಾತ್ರಿ ಎಂಟು ಸರಿ. ಸ್ಟೇಷನ್‌ನಿಂದ ನಡೆದು ಬರುವಷ್ಟು ಹತ್ತಿರ ಇರಲಿ.

ಒಳಗೆ ಏನು ನಡೆಯುತ್ತದೆ?

ಒಂದು ಗಂಟೆ, ಮೀರಿದರೆ ಒಂದೂಕಾಲು ಗಂಟೆ. ಒಬ್ಬರು ನಡೆಸುತ್ತಾರೆ, ಅವರು ಯಜಮಾನರಲ್ಲ, ಸರದಿ ಪ್ರಕಾರ ಬದಲಾಗುತ್ತಾರೆ. ಒಂದು ಹೆಜ್ಜೆ ಓದುತ್ತೇವೆ. ಆಮೇಲೆ ಶೇರಿಂಗ್. ಒಬ್ಬರು ಮಾತಾಡುವಾಗ ಉಳಿದವರು ನಡುವೆ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ, "ನಂದೂ ಹಾಗೇ ಆಗಿತ್ತು" ಅಂತ ತಮ್ಮ ಸರದಿಯಲ್ಲಿ ತಮ್ಮದನ್ನು ಹೇಳುತ್ತಾರೆ ಅಷ್ಟೇ. ಮಾತಾಡಲೇಬೇಕು ಅಂತಿಲ್ಲ. ನಮ್ಮಲ್ಲಿ ಒಬ್ಬ ಹುಡುಗ ಹತ್ತು ವಾರ ಬರೀ ಚಪ್ಪಲಿ ನೋಡುತ್ತಾ ಕೂತಿದ್ದ.

ಚಹಾದ ವಿಷಯ ಒಂದು ಹೇಳಬೇಕು. ನಾನು ಮೊದಲ ಸಲ ಹಿಂದಿ ಮೀಟಿಂಗಿಗೆ ಹೋದ ದಿನ ಕೈ ವಿಪರೀತ ನಡುಗುತ್ತಿತ್ತು. ಎಲ್ಲರಿಗೂ ಲೋಟ ತುಂಬ ಚಹಾ ಕೊಟ್ಟ ಮುದುಕರು ನನಗೆ ಮಾತ್ರ ಅರ್ಧ ಕೊಟ್ಟರು. ಮುಗಿದ ಮೇಲೆ ಮತ್ತೆ ಅರ್ಧ ತಂದರು. ಚೆಲ್ಲಬಾರದು ಅಂತ. ಏನೂ ಹೇಳಲಿಲ್ಲ, ನನ್ನ ಕೈಯ ಕಡೆ ನೋಡಲೂ ಇಲ್ಲ. ಈಗ ನಮ್ಮ ಮೀಟಿಂಗಿನಲ್ಲಿ ಚಹಾ ಕೊಡುವವರಿಗೆ ಮೊದಲು ಕಲಿಸುವುದು ಇದನ್ನೇ: ಹೊಸಬರಿಗೆ ಅರ್ಧ ಲೋಟ, ಎರಡು ಸಲ.

ಕುಡಿದೇ ಬಂದರೆ?

ಬರಲಿ. ಕೂರಲಿ. ಆ ದಿನ ಮಾತಾಡುವುದು ಬೇಡ, ಕೇಳಲಿ ಅನ್ನುತ್ತೇವೆ. ಗಲಾಟೆ ಮಾಡಿದರೆ ಇಬ್ಬರು ಹೊರಗೆ ಕರೆದುಕೊಂಡು ಹೋಗಿ ಅಂಗಳದಲ್ಲಿ ಜೊತೆಗೆ ಕೂರುತ್ತಾರೆ, ಗೇಟಿನಾಚೆ ತಳ್ಳುವುದಿಲ್ಲ. ಬಿಟ್ಟು ಮತ್ತೆ ಕುಡಿದವರನ್ನೂ ಹಾಗೇ. ನಾವು ಅದಕ್ಕೆ ಸ್ಲಿಪ್ ಅನ್ನುತ್ತೇವೆ.

ನಾಳೆಯಿಂದಲೇ ಪೂರ್ತಿ ಬಿಟ್ಟುಬಿಡಲಾ?

ದಯವಿಟ್ಟು ಇದನ್ನು ನಿಧಾನವಾಗಿ ಓದಿ. ದಿನಾ ಜಾಸ್ತಿ ಕುಡಿಯುವವರು, ಬೆಳಿಗ್ಗೆ ಎದ್ದ ಕೂಡಲೇ ಬೇಕಾಗುವವರು ಡಾಕ್ಟರಿಗೆ ತೋರಿಸದೆ ಒಮ್ಮೆಲೇ ನಿಲ್ಲಿಸಬಾರದು. ಜೀವಕ್ಕೇ ಅಪಾಯ. ಕೊನೆಯ ಸಲ ಕುಡಿದು ಆರೆಂಟು ಗಂಟೆಯಲ್ಲಿ ನಡುಕ, ಬೆವರು, ವಾಂತಿ ಶುರುವಾಗಬಹುದು. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಇಲ್ಲದ್ದು ಕಾಣಿಸುತ್ತದೆ, ಗೋಡೆ ಮೇಲೆ ಹುಳ ಹರಿದಾಡಿದ ಹಾಗೆ, ಯಾರೋ ಕರೆದ ಹಾಗೆ. ಜ್ವರ ಬರುತ್ತದೆ, ಎಲ್ಲಿದ್ದೇನೆ ಅನ್ನುವುದೇ ಗೊತ್ತಾಗುವುದಿಲ್ಲ. ಊರಿನಲ್ಲಿ ಇದನ್ನು ದೆವ್ವ ಹಿಡಿದಿದೆ ಅಂತ ತಿಳಿದು ಕೂಡಿಹಾಕುತ್ತಾರೆ. ದೆವ್ವ ಅಲ್ಲ, ಕುಡಿತ ಇಳಿಯುವಾಗಿನ ಕಾಯಿಲೆ ಅದು. ಆಗ ತಡಮಾಡದೆ 108ಕ್ಕೆ ಫೋನ್ ಮಾಡಿ.

ಇದಕ್ಕೆ ಒಳ್ಳೆಯ ಔಷಧ ಇದೆ. ಡಾಕ್ಟರು ಕೆಲವು ದಿನ ಗುಳಿಗೆ ಕೊಟ್ಟು ಮೆಲ್ಲಗೆ ಇಳಿಸುತ್ತಾರೆ, ಜೊತೆಗೆ ಥಯಾಮಿನ್, ಅಂದರೆ ಬಿ1 ವಿಟಮಿನ್ ಕೊಡುತ್ತಾರೆ. ಮೆಡಿಕಲ್ ಅಂಗಡಿಯಿಂದ ನೀವೇ ತಂದು ನುಂಗಬೇಡಿ. ಮುಂಬೈನಲ್ಲಿ ಕೆಇಎಂ, ನಾಯರ್, ಸಯನ್, ಜೆಜೆಯಂಥ ದೊಡ್ಡ ಸರ್ಕಾರಿ, ಪಾಲಿಕೆ ಆಸ್ಪತ್ರೆಗಳ ಮನೋರೋಗ ವಿಭಾಗಕ್ಕೆ ಕೇಸ್ ಪೇಪರ್ (ರೋಗಿಯ ಚೀಟಿ) ಮಾಡಿಸಿ ಹೋಗಬಹುದು. ಪುಣೆಯವರಿಗೆ, ಡಾ. ಅನಿತಾ ಮತ್ತು ಅನಿಲ್ ಅವಚಟ್ ದಂಪತಿ 1986ರಲ್ಲಿ ಶುರು ಮಾಡಿದ ಮುಕ್ತಾಂಗಣ ವ್ಯಸನಮುಕ್ತಿ ಕೇಂದ್ರ ಇದೆ. ಎಲ್ಲಿ ಹೋಗಬೇಕು ಗೊತ್ತಾಗದಿದ್ದರೆ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446. ಮನಸ್ಸು ತೀರಾ ಕುಗ್ಗಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416, ಅಲ್ಲಿ ಕನ್ನಡದಲ್ಲೂ ಮಾತಾಡಬಹುದು. ಡಾಕ್ಟರು ಮಾಡುವುದನ್ನು ಮೀಟಿಂಗ್ ಮಾಡಲಾರದು. ನಮ್ಮಲ್ಲಿ ಹೊಸಬರು ಬಂದರೆ ಮೊದಲ ಪ್ರಶ್ನೆ "ಡಾಕ್ಟರಿಗೆ ತೋರಿಸಿದ್ರಾ?" ಅಂತಲೇ.

ಊಟದಲ್ಲಿ ಪುಡಿ ಬೆರೆಸಿ ಕೊಟ್ಟರೆ ಬಿಡ್ತಾರಂತೆ, ಹೌದಾ ಅಣ್ಣಾ?

ತಂಗಿಯಂದಿರು, ಅಕ್ಕಂದಿರು ಇದನ್ನು ಕೇಳದ ವಾರ ಇಲ್ಲ. ಬೇಡ. ಆ ಪುಡಿಯಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಡೈಸಲ್ಫಿರಾಮ್ ಅನ್ನುವ ನಿಜವಾದ ಔಷಧ ಒಂದಿದೆ. ಅದನ್ನು ತಗೊಂಡು ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ ಬಿಪಿ ಕುಸಿಯುತ್ತದೆ. ಪ್ರಾಣವೂ ಹೋಗಬಹುದು. ಗುಳಿಗೆ ನಿಲ್ಲಿಸಿ ಎರಡು ವಾರದವರೆಗೂ ಆ ಅಪಾಯ ಇರುತ್ತದೆ. ಕುಡಿಯುವವರಿಗೆ ಗೊತ್ತಿದ್ದು, ಅವರು ಒಪ್ಪಿ, ಡಾಕ್ಟರು ಪರೀಕ್ಷೆ ಮಾಡಿ ಕೊಟ್ಟರೆ ಮಾತ್ರ ಅದು ಔಷಧ. ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ನನ್ನ ಹೆಂಡತಿಯೂ ಒಬ್ಬರ ಹತ್ತಿರ ಸಾವಿರಗಟ್ಟಲೆ ಕೊಟ್ಟು ಪುಡಿ ತಂದಿದ್ದಳು. ಸಾರಿನಲ್ಲಿ ಹಾಕುವಾಗ ಅವಳ ಕೈ ನಡುಗಿತಂತೆ, ಚೆಲ್ಲಿಬಿಟ್ಟಳಂತೆ. ವರ್ಷಗಳ ಮೇಲೆ ಹೇಳಿದಳು.

ರಿಹ್ಯಾಬ್‌ನವರು (ಕುಡಿತ ಬಿಡಿಸುವ ಕೇಂದ್ರದವರು) ಮನೆಗೇ ಬಂದು ಎತ್ತಿಕೊಂಡು ಹೋಗ್ತಾರಂತೆ. ಕಳಿಸಲಾ?

ನನ್ನನ್ನು ಹಾಗೆ ಒಯ್ದಿದ್ದರು. ಹಗ್ಗದಲ್ಲಿ ಕಟ್ಟಿ, ಮಂಚಕ್ಕೆ ಸರಪಳಿ ಹಾಕಿದ್ದರು. ಹೊರಬಂದ ದಿನವೇ ಕುಡಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಕುಡಿತ, ಡ್ರಗ್ಸ್‌ನಿಂದ ಬರುವ ಮಾನಸಿಕ ತೊಂದರೆಗಳೂ ಸೇರಿವೆ. ಯಾರಿಗೂ ಸರಪಳಿ ಹಾಕುವಂತಿಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿದೆ. ಕೇಂದ್ರಕ್ಕೆ ನೋಂದಣಿ ಇದೆಯಾ, ಡಾಕ್ಟರು ಬರುತ್ತಾರಾ, ನೀವು ಹೋಗಿ ನೋಡಲು ಬಿಡುತ್ತಾರಾ, ಇದನ್ನೆಲ್ಲ ವಿಚಾರಿಸದೆ ಯಾರನ್ನೂ ಕಳಿಸಬೇಡಿ. ಒಳ್ಳೆಯ ಕೇಂದ್ರಗಳಿವೆ, ಅಲ್ಲಿ ಸರಿಹೋದವರು ನಮ್ಮ ಮೀಟಿಂಗಿನಲ್ಲೇ ಇದ್ದಾರೆ.

ಹೆಂಡತಿ, ತಾಯಿ ಬರಬಹುದಾ? ಹೆಂಗಸರೇ ಕುಡಿಯುವವರಾದರೆ?

ಮನೆಯವರಿಗೆ ಅಲ್-ಅನಾನ್ ಅಂತ ಬೇರೆಯೇ ಇದೆ, 1951ರಿಂದ. ಬಿಲ್ ವಿಲ್ಸನ್ ಅವರ ಹೆಂಡತಿ ಲೋಯಿಸ್ ಅದನ್ನು ಕಟ್ಟಿದವರಲ್ಲಿ ಒಬ್ಬರು. ಆಗುವುದಾದರೆ ಅದೇ ಚರ್ಚಿನಲ್ಲಿ, ಅದೇ ಹೊತ್ತಿಗೆ ಇನ್ನೊಂದು ರೂಮು ಕೇಳಿ. ಜೊತೆಗೆ ಬಂದು ಜೊತೆಗೆ ಹೋಗಬಹುದು. ಕುಡಿಯುವ ಹೆಂಗಸರು ನಮ್ಮವರಲ್ಲೂ ಇದ್ದಾರೆ, ಅವರಿಗೆ ನಾಚಿಕೆ ಹತ್ತು ಪಟ್ಟು. ಗಂಡಸರ ನಡುವೆ ಕೂತು ಮಾತಾಡು ಅಂದರೆ ಆಗುವುದಿಲ್ಲ. ಒಬ್ಬ ಹೆಂಗಸು ಸಿಕ್ಕಿದರೂ ಅವರಿಗೆ ಹೆಂಗಸರ ಮೀಟಿಂಗಿನ ದಾರಿ ತೋರಿಸಿ.

ಡ್ರಗ್ಸ್, ಗಾಂಜಾದವರು?

ಅವರಿಗೆ ನಾರ್ಕೋಟಿಕ್ಸ್ ಅನಾನಿಮಸ್ ಇದೆ. ಎರಡೂ ಇರುವವರು ಎರಡಕ್ಕೂ ಹೋಗಬಹುದು.

ಚರ್ಚಿನ ಬಲಿಪೂಜೆಯಲ್ಲಿ (ಮಾಸ್) ದ್ರಾಕ್ಷಾರಸ, ಅಂದರೆ ವೈನ್ ಇರುತ್ತಲ್ಲ?

ಕ್ಯಾಥೊಲಿಕರಿಗೆ ರೊಟ್ಟಿ ಮಾತ್ರ ತಗೊಂಡರೂ ಪೂರ್ತಿ ಪ್ರಸಾದವೇ, ಯೇಸು ಪೂರ್ಣವಾಗಿ ಅದರಲ್ಲೇ ಇದ್ದಾರೆ ಅಂತ ಚರ್ಚಿನ ಬೋಧನೆ. ರೊಟ್ಟಿಯನ್ನು ದ್ರಾಕ್ಷಾರಸದಲ್ಲಿ ಅದ್ದಿ ಕೊಡುವ ದಿನ "ಬರೀ ರೊಟ್ಟಿ ಸಾಕು ಫಾದರ್" ಅಂತ ಮೊದಲೇ ಹೇಳಿ. ಕುಡಿತದ ಕಾಯಿಲೆ ಇರುವ ಪಾದ್ರಿಗಳಿಗೂ, ಬಿಷಪರ ಅನುಮತಿ ಪಡೆದು, ಹುಳಿಯುವುದನ್ನು ತಡೆದ ದ್ರಾಕ್ಷಿ ರಸ ಬಳಸಲು ಅವಕಾಶ ಇದೆ. ಮೆಥೊಡಿಸ್ಟ್ ಪಂಗಡದ ಚರ್ಚುಗಳಲ್ಲಿ ಹುಳಿ ಬಾರದ ರಸ ಬಳಸುವುದು ಹಳೆಯ ರೂಢಿ. ಹಾಗೇ ನೆನಪಿರಲಿ, ಮನೆಯಲ್ಲಿರುವ ದ್ರಾಕ್ಷಾಸವ, ಅರಿಷ್ಟಗಳಲ್ಲೂ ಆಲ್ಕೋಹಾಲ್ ಇರುತ್ತದೆ. ಬಿಟ್ಟವರು ಡಾಕ್ಟರನ್ನು ಕೇಳದೆ ಕುಡಿಯಬಾರದು.

ಗುಟ್ಟು ಉಳಿಯುತ್ತಾ?

ಉಳಿಸಿಕೊಳ್ಳಬೇಕು. ಹಾಜರಿ ಪುಸ್ತಕ ಇಲ್ಲ, ಫೋಟೊ ಇಲ್ಲ. ವಾಟ್ಸಾಪ್ ಗ್ರೂಪ್ ಬೇಡ, ಅದರಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ಚರ್ಚಿನ ವಾರಪತ್ರದಲ್ಲಿ ದಿನ, ಹೊತ್ತು, ರೂಮು ಮಾತ್ರ ಹಾಕಿಸಿ. ಹೊರಗೆ ಅಂಗಡಿಯಲ್ಲಿ ಎದುರಾದರೆ ನಾವು ಗುರುತೇ ಇಲ್ಲದವರ ಹಾಗೆ ಹೋಗುತ್ತೇವೆ, ಅವರೇ ಮಾತಾಡಿಸಿದರೆ ಮಾತ್ರ ನಿಲ್ಲುತ್ತೇವೆ.

ಇದರಿಂದ ನಿಜವಾಗ್ಲೂ ಗುಣ ಆಗುತ್ತಾ?

ಎಲ್ಲರಿಗೂ ಆಗುವುದಿಲ್ಲ. 2020ರಲ್ಲಿ ಕಾಕ್ರೇನ್ ಸಂಸ್ಥೆಯವರು 27 ಅಧ್ಯಯನಗಳನ್ನು, ಹತ್ತು ಸಾವಿರಕ್ಕೂ ಹೆಚ್ಚು ಜನರ ಲೆಕ್ಕವನ್ನು ಒಟ್ಟುಗೂಡಿಸಿ ನೋಡಿದರು. ಜನರನ್ನು ಎಎಗೆ ಜೋಡಿಸುವ ಚಿಕಿತ್ಸೆ ಪಡೆದವರಲ್ಲಿ ಒಂದು ವರ್ಷದ ಹೊತ್ತಿಗೆ ಪೂರ್ತಿ ಬಿಟ್ಟೇ ಇದ್ದವರು ಶೇಕಡಾ 42, ಬೇರೆ ಚಿಕಿತ್ಸೆಗಳಲ್ಲಿ ಶೇಕಡಾ 35. ಹಾಗಾಗಿ ಮೊದಲ ತಿಂಗಳಲ್ಲಿ ಪವಾಡ ನಿರೀಕ್ಷಿಸಬೇಡಿ. ನಮ್ಮಲ್ಲಿ ಇಬ್ಬರು ತೀರಿಕೊಂಡಿದ್ದಾರೆ, ಅವರ ಕುರ್ಚಿ ಯಾವುದು ಅಂತ ನನಗೆ ಈಗಲೂ ಗೊತ್ತು. ಉಳಿದವರು ಮಕ್ಕಳ ಫೀಸು ಕಟ್ಟುತ್ತಿದ್ದಾರೆ, ಊರಿಗೆ ಹೋಗಿ ಬರುತ್ತಿದ್ದಾರೆ.

ಯಾರೂ ಬರದಿದ್ದರೆ?

ಬರುವುದಿಲ್ಲ, ಶುರುವಿನಲ್ಲಿ. ನಾವು ಮೊದಲ ಹನ್ನೊಂದು ವಾರ ಬರೀ ಇಬ್ಬರು, ನಾನು ಮತ್ತು ಬೈಂದೂರಿನವರು. ಎಂಟು ಕುರ್ಚಿ ಹಾಕುತ್ತಿದ್ದೆವು, ಚಹಾ ಮಾಡುತ್ತಿದ್ದೆವು, ಒಬ್ಬರಿಗೊಬ್ಬರು ಹೇಳಿಕೊಂಡು, ಎಂಟೂ ಕುರ್ಚಿ ಮಡಚಿಟ್ಟು ಹೋಗುತ್ತಿದ್ದೆವು. ಹನ್ನೆರಡನೇ ವಾರ ಬೈಂದೂರಿನವರು ಊರಿಗೆ ಹೋಗಿದ್ದರು. ನನಗೆ ಜ್ವರ. ಹೇಗೂ ಯಾರೂ ಬರಲ್ಲ ಅಂತ ಮಲಗಿಬಿಟ್ಟೆ. ಆ ದಿನ ಒಬ್ಬ ಬಂದಿದ್ದ. ಬೀಗ ನೋಡಿ ಅರ್ಧ ಗಂಟೆ ಮೆಟ್ಟಿಲ ಮೇಲೆ ಕೂತಿದ್ದನಂತೆ, ವಾಚ್‌ಮ್ಯಾನ್ ಹೇಳಿದ. ಮುಂದಿನ ವಾರ ಬರಲಿಲ್ಲ, ಅದರ ಮುಂದಿನ ವಾರವೂ ಬರಲಿಲ್ಲ. ನಾಲ್ಕು ತಿಂಗಳಾದ ಮೇಲೆ ಬಂದ, ಅಷ್ಟರಲ್ಲಿ ಅವನ ಕೆಲಸ ಹೋಗಿತ್ತು. ಚಪ್ಪಲಿ ನೋಡುತ್ತಾ ಹತ್ತು ವಾರ ಕೂತಿದ್ದ ಅಂದೆನಲ್ಲ, ಆ ಹುಡುಗ ಅವನೇ.

ಆಗಿನಿಂದ ಕೀ ಮೂರು ಜನರ ಹತ್ತಿರ ಇದೆ. ಒಂದು ಈಗ ಅವನ ಹತ್ತಿರ.